ಬಾಡಿಗೆಯ ನಾಡಿ

ನಮ್ಮೂರಿನಲ್ಲಿ ಕ್ಷೌರದಂಗಡಿ ಇಟ್ಟಿರುವ ಮುನಿಸ್ವಾಮಣ್ಣ ಕತ್ತಿ ಎತ್ತುವ ಮೊದಲು ಗಿರಾಕಿಯನ್ನು ಒಂದು ಮಾತು ಕೇಳುತ್ತಾನೆ. “ಯಾರ್ಯಾರ ಪಾಲು ಇಟ್ಕೊಂಡಿದೀರ ಸ್ವಾಮಿ?” ಗಿರಾಕಿ ಎರಡು ಮೂರು ಹೆಸರು ಹೇಳುತ್ತಾನೆ. ಆ ಹೆಸರಿನವರಲ್ಲಿ ಯಾರಾದರೂ ಅವತ್ತು ಪೇಟೆಗೆ ಮೊದಲ ಸರಕು ಕಳಿಸುತ್ತಿದ್ದಾರೆಂದೋ, ಹೊಸ ಯಂತ್ರ ಚಾಲೂ ಮಾಡುತ್ತಿದ್ದಾರೆಂದೋ ಸುದ್ದಿಯಿದ್ದರೆ ಮುನಿಸ್ವಾಮಣ್ಣ ಕತ್ತಿಯನ್ನು ಬಟ್ಟಲಲ್ಲಿಟ್ಟು, “ಮಧ್ಯಾಹ್ನದ ಮೇಲೆ ಬನ್ನಿ” ಎಂದು ಕಳಿಸಿಬಿಡುತ್ತಾನೆ. ಮುಖದ ಮೇಲಿನ ನೊರೆಯ ಸಮೇತ ಎದ್ದು ಹೋದವರೂ ಇದ್ದಾರೆ.

ಹೊಸ ಕೆಲಸ ಶುರುಮಾಡುವವರಿಗೆ ಇಲ್ಲಿ ಇರುವುದು ಪಾಲುಕಟ್ಟೆಯೊಂದೇ. ಗುರುವಾರದ ಸಂತೆಯ ನಡುವೆ ಇರುವ ಕಲ್ಲಿನ ಕಟ್ಟೆ ಅದು. ಅದರ ಮೇಲೆ ನಿಂತು, ಏನು ಮಾಡಬೇಕೆಂದಿದ್ದೇನೆ ಎಂದು ಹೇಳಿ, ಅದಕ್ಕೆ ಬೇಕಾದ ಹಣವನ್ನು ಇಷ್ಟು ಪಾಲು ಮಾಡಿದ್ದೇನೆ ಅನ್ನಬೇಕು. ಇಷ್ಟವಾದವರು ಬಂದು ಹಣ ಇಟ್ಟು, ನಿಂತವರ ಮಣಿಕಟ್ಟನ್ನು ವೈದ್ಯರ ಹಾಗೆ ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. ಅಲ್ಲಿಗೆ ಪಾಲು ಆಯಿತು. ಅದು ಸಾಲವಲ್ಲ, ಯಾರೂ ವಾಪಸು ಕೇಳುವ ಹಾಗಿಲ್ಲ. ಕೆಲಸ ಬೆಳೆದರೆ ಬೆಳೆದದ್ದರಲ್ಲಿ ಪಾಲು, ಮುಳುಗಿದರೆ ಹಾಕಿದ್ದೂ ಮುಳುಗಿತು. ಸಂತೆ ಎತ್ತುವುದರೊಳಗೆ ಎಲ್ಲ ಪಾಲೂ ಹೋಗಬೇಕು. ಒಂದು ಉಳಿದರೂ ಬಂದದ್ದನ್ನೆಲ್ಲ ಹಿಂದಿರುಗಿಸಿ ಕಟ್ಟೆ ಇಳಿಯಬೇಕು. ಅದೇ ಕೆಲಸಕ್ಕೆಂದು ಮತ್ತೆ ಹತ್ತುವ ಹಾಗಿಲ್ಲ.

ಪಾಲು ಹಿಡಿದ ಗಳಿಗೆಯಿಂದ ಆ ಮಣಿಕಟ್ಟಿನವರ ಎದೆಬಡಿತ ಪಾಲುದಾರರ ಎದೆಯಲ್ಲೂ ಬಡಿಯುತ್ತದೆ, ಅವರದರ ಪಕ್ಕದಲ್ಲೇ, ಪಕ್ಕದ ಮನೆಯ ರೇಡಿಯೋದ ಹಾಗೆ. ಒಂದು ಪಾಲಿದ್ದರೆ ಮೆಲ್ಲಗೆ, ಜಾಸ್ತಿಯಿದ್ದರೆ ಜೋರಾಗಿ. ಪಾಲೆತ್ತಿದವರು ಮತ್ತೆ ಕಟ್ಟೆಗೆ ಬಂದು ‘ಮುಗಿಯಿತು’ ಎಂದು ಹೇಳುವವರೆಗೂ ಅದು ನಿಲ್ಲುವುದಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಬಸುರಿಯರು ಪಾಲು ಹಿಡಿಯುವುದಿಲ್ಲ. ಡಾಕ್ಟರು ಎದೆಗೆ ಕೊಳವೆ ಇಡುವಾಗ “ಇದರಲ್ಲಿ ನಿಮ್ಮದು ಯಾವುದು?” ಎಂದು ಕೇಳುತ್ತಾರೆ. ಹಿಂದೊಮ್ಮೆ ಮಿನಿಬಸ್ ಓಡಿಸುತ್ತೇನೆಂದು ಪಾಲೆತ್ತಿದ ಹುಡುಗನೊಬ್ಬ ಕಾಂಪೌಂಡರ ಮಗಳನ್ನು ಮೆಚ್ಚಿಕೊಂಡ. ಅವನ ಪಾಲು ಹಿಡಿದಿದ್ದ ಕೆಳಗಿನ ಬೀದಿಯ ಅಜ್ಜಿಯರೆಲ್ಲ ಅಕ್ಕಿ ಆರಿಸುತ್ತ ಕೂತಲ್ಲೇ ಕೆಂಪಾಗುತ್ತಿದ್ದರಂತೆ. ಮದುವೆಗೆ ಎರಡೂ ಮನೆಯವರನ್ನು ಒಪ್ಪಿಸಿದವರು ಪಾಲುದಾರರೇ. ನಮಗೆ ತಡೆಯೋಕ್ಕಾಗ್ತಿಲ್ಲ, ಬೇಗ ಮುಗಿಸಿ, ಎಂದರಂತೆ.

ಹೀಗಾಗಿ ಕಟ್ಟೆ ಹತ್ತಿದವರು ಏನು ಮಾಡುತ್ತಾರೆ ಎಂಬುದಕ್ಕಿಂತ ಅವರ ನಾಡಿ ಹೇಗಿದೆ ಎಂಬುದನ್ನೇ ಜನ ಮೊದಲು ವಿಚಾರಿಸುತ್ತಾರೆ. ನನಗೆ ಕಷ್ಟ ಇದ್ದದ್ದು ಅಲ್ಲೇ.

ನನ್ನ ಹೆಸರು ತಾರಿಣಿ. ರಸಾಯನಶಾಸ್ತ್ರ ಓದಿ ಪದವಿ ಮುಗಿಸಿ ಮನೆಯಲ್ಲಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ನನ್ನ ಕೈಯಲ್ಲಿದ್ದ ಲೋಟ ಬೀಳುತ್ತದೆ. ನಾಲ್ಕು ಜನರ ಮುಂದೆ ಹೇಳಬೇಕಾದ್ದು ಗಂಟಲಲ್ಲೇ ಕೂರುತ್ತದೆ. ಮನೆಗೆ ಬಂದು ಅದನ್ನು ದಿನಚರಿಗೆ ಹೇಳಿ ಹಗುರಾಗುತ್ತೇನೆ. ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಗಿಂತ ‘ಗಾಬರಿ ಹುಡುಗಿ’ ಅನ್ನುವವರೇ ಹೆಚ್ಚು. ಅಮ್ಮ ಹೊಲಿಗೆಯ ಯಂತ್ರ ತುಳಿಯುತ್ತಲೇ, “ಎಲ್ಲದಕ್ಕೂ ಗಾಬರಿ ನಿಂದು. ಸುಮ್ಸುಮ್ನೆ ಇಲ್ಲದ್ದನ್ನ ಕಟ್ಕೊಂಡು ಒದ್ದಾಡ್ತೀಯ” ಅನ್ನುತ್ತಿದ್ದಳು.

ನಾನು ಮಾಡಿದ್ದು ಒಂದು ಕಾಗದದ ಪಟ್ಟಿ. ಶಂಖಪುಷ್ಪದ ನೀಲಿಯನ್ನು ಇನ್ನೊಂದೆರಡು ವಸ್ತುವಿನ ಜೊತೆ ಹದ ಮಾಡಿ ಕಾಗದಕ್ಕೆ ಹಿಡಿಸಿದ್ದೆ. ಹಾಲಿನ ಕ್ಯಾನಿನ ಮುಚ್ಚಳದೊಳಗೆ ಅದನ್ನು ಅಂಟಿಸಿಟ್ಟರೆ, ಹಾಲು ಹುಳಿಯಾಗಲು ಹೊರಟಾಗ, ವಾಸನೆ ಬರುವುದಕ್ಕೂ ಮುಂಚೆ, ಪಟ್ಟಿ ನೇರಳೆಯಾಗುತ್ತದೆ. ಆಗಲೇ ಕಾಯಿಸಿದರೆ ಹಾಲು ಉಳಿಯುತ್ತದೆ. ಬಸ್ ನಿಲ್ದಾಣದ ಪಕ್ಕ ಟೀ ಅಂಗಡಿ ಇಟ್ಟಿರುವ ಪುಟ್ಟತಾಯಮ್ಮನವರಿಗೆ ಪರೀಕ್ಷೆಗೆಂದು ಒಂದು ಕಟ್ಟು ಕೊಟ್ಟಿದ್ದೆ. ಬೇಸಿಗೆಯೆಲ್ಲ ಅವರ ಹಾಲು ಒಡೆಯಲಿಲ್ಲ. “ಇನ್ನೊಂದಿಷ್ಟು ಕೊಡೇ ಹುಡುಗಿ” ಎಂದು ಅವರೇ ಹುಡುಕಿಕೊಂಡು ಬಂದರು. ಬಂದವರನ್ನು ಕಂಡು ನಾನು ಅಡಿಗೆಮನೆಗೆ ಓಡಿದೆ.

ಅಡಿಗೆಮನೆಯಲ್ಲಿ ತಟ್ಟೆಯ ಮೇಲೆ ಒಣಗಿಸಿ ಎಷ್ಟು ಪಟ್ಟಿ ಮಾಡಬಹುದು? ಒಂದು ಕೋಣೆ ಬೇಕು, ಕಾಗದ ಒಂದೇ ಸಮನಾಗಿ ಒಣಗಿಸುವ ಯಂತ್ರ ಬೇಕು. ಇನ್ನೂ ಶುರುವೇ ಆಗದ ಕೆಲಸಕ್ಕೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಇನ್ನು ಉಳಿದದ್ದು ಕಟ್ಟೆ.

“ನಿನ್ನ ನಾಡೀನ ಯಾರು ಹಿಡೀತಾರೆ ತಾರಿ?” ಎಂದಳು ಅಮ್ಮ. “ದುಡ್ಡೂ ಕೊಟ್ಟು ನಿದ್ದೇನೂ ಕೆಡಿಸ್ಕೋಬೇಕಾ ಜನ? ಭುಜಂಗಣ್ಣನ್ನ ಕರೆಸ್ತೀನಿ ಇರು.”

ಭುಜಂಗಣ್ಣನ ಕಸುಬೇ ನಾಡಿ ಬಾಡಿಗೆಗೆ ಕೊಡುವುದು. ಪಾಲೆತ್ತುವವರ ಪಕ್ಕದಲ್ಲಿ ನಿಂತು ಅವರ ಬದಲಿಗೆ ತನ್ನ ಮಣಿಕಟ್ಟು ಚಾಚುತ್ತಾನೆ. ಅದಕ್ಕೆ ಹತ್ತರಲ್ಲಿ ಒಂದು ಪಾಲು ಅವನದು. ಕೈ ಯಾರದು ಎಂದು ಕಟ್ಟೆಯ ಕಟ್ಟಳೆ ಕೇಳುವುದಿಲ್ಲ. ಒಮ್ಮೆ ಸಂತೆಯಲ್ಲಿ ಹಗ್ಗ ಕಿತ್ತ ಹೋರಿ ಅವನನ್ನು ತಿಪ್ಪೆಗೆ ಎತ್ತಿ ಎಸೆದಾಗ ಅವನ ಪಾಲುದಾರರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ನೋಡಿದವರು ಹೋಗಿ ಹೇಳಬೇಕಾಯಿತು. ಅಂಥ ನಾಡಿ. ಲಿಂಗಣ್ಣನ ಸೋಡಾ ಫ್ಯಾಕ್ಟರಿಗೂ ಅವನೇ ನಿಂತದ್ದು. ಅದರಲ್ಲಿ ಅರ್ಧ ಊರಿನ ಪಾಲಿತ್ತು.

ಅವನು ಬಂದು ಕೂತು ಕಾಫಿ ಕುಡಿದ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

“ನಾನು ಮಾಡೋದು ಏನಂದ್ರೆ…” ಎಂದು ಶುರುಮಾಡಿದೆ.

“ಹೇಳ್ಬೇಡಿ ತಾಯಿ,” ಎಂದು ಕೈ ಎತ್ತಿದ. “ಗೊತ್ತಾದ್ರೆ ಸುಮ್ನೆ ಯೋಚ್ನೆ. ಯೋಚ್ನೆ ಬಂದ್ರೆ ನಾಡಿ ಕೆಡತ್ತೆ. ನೀವು ಗಾಬರಿ ಮಾಡ್ಕೊಳಿ, ಬೇಕಾದಷ್ಟು ಮಾಡ್ಕೊಳಿ. ಅದು ನಿಮ್ಮಲ್ಲೇ ಇರತ್ತೆ, ಹೊರಗೆ ಹೋಗಲ್ಲ.”

ಆ ಮಾತು ಕೇಳಿ ನನಗೆ ಅಳು ಬರುವಷ್ಟು ಸಮಾಧಾನವಾಯಿತು. ನನ್ನೊಳಗಿನದು ಹೊರಗೆ ಹೋಗುವುದಿಲ್ಲ. ಅಷ್ಟೇ ಸಾಕಿತ್ತು. ಬರುವ ಗುರುವಾರ ಎಂದು ನಿಗದಿಯಾಯಿತು.

ಬುಧವಾರ ಬೆಳಿಗ್ಗೆ ಪುಟ್ಟತಾಯಮ್ಮನವರಿಗೆ ಪಟ್ಟಿ ಕೊಡಲು ಹೊರಟೆ. ದಾರಿಯಲ್ಲೇ ಸೋಡಾ ಫ್ಯಾಕ್ಟರಿ ಇದೆ, ಊರಿನ ದೊಡ್ಡ ಬೀದಿಯ ಮೇಲೆ. ಅದರ ಗೇಟಿಗೆ ಬೀಗ ಬಿದ್ದು ಎಷ್ಟು ದಿನವಾಗಿತ್ತೋ, ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು. ಮುಂಚೆಯೂ ನೋಡಿದ್ದೆ. ಅಮ್ಮನಿಗೆ ಒಮ್ಮೆ ಹೇಳಿ ಬೈಸಿಕೊಂಡೂ ಇದ್ದೆ. ಆ ಹೊತ್ತಿಗೆ ಇಬ್ಬರು ಗಂಡಸರು ಮಾತಾಡುತ್ತ ಗೇಟಿನ ಪಕ್ಕದಲ್ಲೇ ಹೋದರು. ಒಬ್ಬ, “ಸೋಡಾನೇ ಸಿಕ್ತಿಲ್ವಲ್ಲ ಈಚೆಗೆ” ಎಂದ. ಇನ್ನೊಬ್ಬ ಎದೆಯ ಮೇಲೆ ಕೈ ಇಟ್ಟು, “ಬಾಟ್ಲಿ ಕಡ್ಮೆ ಇರ್ಬೇಕು. ಫ್ಯಾಕ್ಟ್ರಿ ಚೆನ್ನಾಗೇ ನಡೀತಿದೆ” ಎಂದ. ಬೀಗ ಅವನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು.

ಟೀ ಅಂಗಡಿಯಲ್ಲಿ ಪುಟ್ಟತಾಯಮ್ಮನವರು ಲೋಟ ತೊಳೆಯುತ್ತಿದ್ದರು. ಅವರದೂ ಸೋಡಾ ಫ್ಯಾಕ್ಟರಿಯಲ್ಲಿ ಪಾಲಿದೆಯೆಂದು ಗೊತ್ತಿತ್ತು. ಹೇಳಲೋ ಬೇಡವೋ ಎಂದು ನಿಂತೆ. ಅವರೇ ಕೇಳಿದರು, “ಏನೇ, ಮುಖ ಬಿಳಿಚ್ಕೊಂಡಿದೆ? ನಾಳೆ ಕಟ್ಟೆ ಅಂತಾನಾ?”

“ಅದಲ್ಲ ಅಮ್ಮ. ಸೋಡಾ ಫ್ಯಾಕ್ಟ್ರಿ ಗೇಟಿಗೆ ಬೀಗ ಹಾಕಿದೆ.”

ಅವರು ಒದ್ದೆ ಕೈಯನ್ನು ಎದೆಗೆ ಇಟ್ಟುಕೊಂಡು ಗಳಿಗೆ ಹೊತ್ತು ಕೇಳಿಸಿಕೊಂಡರು. “ಇಲ್ವಲ್ಲೇ. ತೊಟ್ಲು ತೂಗಿದಂಗಿದೆ.”

“ಬಲೆ ಕಟ್ಟಿದೆ ಅಮ್ಮ. ಬೀಗದ ಮೇಲೆ.”

“ನಿಂಗೆ ಬಲೇನೂ ಭಯ, ಬೀಗಾನೂ ಭಯ.”

ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ. ಆದರೆ ಅಲ್ಲಿಂದ ಹೊರಡಲು ಕಾಲೂ ಬರಲಿಲ್ಲ. ಅಲ್ಲೇ ನಿಂತೆ, ಪಟ್ಟಿಯ ಕಟ್ಟನ್ನು ಹಿಸುಕುತ್ತ. ಅವರು ನನ್ನ ಮುಖ ನೋಡಿ, ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಸರಿ ನಡಿ. ನೋಡ್ಕೊಂಡೇ ಬರೋಣ. ಈ ಹೊತ್ತಲ್ಲಿ ಗಿರಾಕಿನೂ ಕಡ್ಮೆ.”

ಗೇಟಿನ ಮುಂದೆ ನಿಂತು ಅವರು ಬೀಗ ಮುಟ್ಟಿ ನೋಡಿದರು. ಬೆರಳಿಗೆ ಧೂಳು ಬಂತು. ಒಂದು ಕೈ ಬೀಗದ ಮೇಲೆ, ಇನ್ನೊಂದು ಎದೆಯ ಮೇಲೆ. ಯಾವುದನ್ನು ನಂಬಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಓಣಿಯಿಂದ ಹಿಂದಕ್ಕೆ ಹೋದೆವು. ಹಿತ್ತಿಲಲ್ಲಿ ಗೋಲಿ ಬಾಟಲಿಗಳ ರಾಶಿಯ ಪಕ್ಕ ಮೆಟ್ಟಿಲ ಮೇಲೆ ಲಿಂಗಣ್ಣ ಕೂತಿದ್ದ. ಗಡ್ಡ ಬೆಳೆದಿತ್ತು.

“ಈಗ ಬಂದ್ರಾ ಪುಟ್ಟತಾಯಮ್ಮ?” ಎಂದ, ಬಹಳ ದಿನದಿಂದ ಕಾಯುತ್ತಿದ್ದವನ ಹಾಗೆ.

“ಏನೋ ಇದು ಲಿಂಗಣ್ಣ?”

“ಗ್ಯಾಸ್ ತುಂಬೋ ಯಂತ್ರ ಸೀಳಿಹೋಯ್ತು. ಅವತ್ತು ನನ್ನೆದೆ ಬಾಯಿಗೆ ಬಂತು. ಅರ್ಧ ಊರು ಓಡಿ ಬರತ್ತೆ ಅಂತ ಇಲ್ಲೇ ಕೂತು ಕಾದೆ. ಒಬ್ರೂ ಬರ್ಲಿಲ್ಲ. ಆಮೇಲೆ ನೆನಪಾಯ್ತು, ನಾಡಿ ನಂದಲ್ಲ ಅಂತ.”

“ಬಂದು ಬಾಯಲ್ಲಿ ಹೇಳೋದಲ್ವೇನೋ? ಆಗ್ಲೇ ಹೇಳಿದ್ರೆ ಎಲ್ಲ ಸೇರಿ ಬೆಸುಗೆ ಹಾಕಿಸ್ತಿರ್ಲಿಲ್ವಾ?”

“ಬಂದಿದ್ದೆ ನಿಮ್ಮ ಅಂಗಡಿ ಮುಂದೆ. ಎಲ್ರೂ ನಗ್ತಾ ಟೀ ಕುಡೀತಿದ್ರಿ. ಭುಜಂಗನ ನಾಡಿ ಹಂಗೆ ತಣ್ಣಗೆ ನಡೀತಿರುವಾಗ ನನ್ನ ಮಾತು ಯಾರು ನಂಬ್ತಾರೆ? ವಾಪಸ್ ಬಂದೆ.” ಅವನು ತನ್ನ ಎದೆಯನ್ನು ಬೆರಳಿಂದ ತಟ್ಟಿ ತೋರಿಸಿದ. “ಅವತ್ತಿಂದ ಹೀಗೇ ಹೊಡ್ಕೋತಿದೆ. ನನ್ನೊಬ್ಬನಿಗೆ.”

ಅವನು ಹೇಳಿದ್ದು ಪುಟ್ಟತಾಯಮ್ಮನವರಿಗೆ. ಆದರೆ ಕೇಳುತ್ತ ನಿಂತ ನನಗೆ ಭುಜಂಗಣ್ಣನ ಮಾತು ನೆನಪಾಯಿತು. ಅದು ನಿಮ್ಮಲ್ಲೇ ಇರತ್ತೆ, ಹೊರಗೆ ಹೋಗಲ್ಲ. ಎಷ್ಟು ಸಿಹಿಯಾಗಿ ಕೇಳಿಸಿತ್ತು ಆ ಮಾತು.

ಮಾರನೆಯ ದಿನ ಸಂತೆ ತುಂಬುವ ಹೊತ್ತಿಗೆ ಸುದ್ದಿ ಎಲ್ಲರ ಬಾಯಲ್ಲಿತ್ತು. ಪುಟ್ಟತಾಯಮ್ಮನವರು ಲಿಂಗಣ್ಣನ ತೋಳು ಹಿಡಿದು ಕಟ್ಟೆಗೆ ಕರೆತಂದರು. ಭುಜಂಗಣ್ಣ ನನ್ನ ಪಾಲಿಗೆ ನಿಲ್ಲಲೆಂದು ಆಗಲೇ ಅಲ್ಲಿ ಬಂದು ಕಡಲೆಕಾಯಿ ತಿನ್ನುತ್ತ ಕೂತಿದ್ದ. ಜನ ಅವನನ್ನು ಮುತ್ತಿದರು. ಕೂಗಿದರು, ಬೈದರು. ಕೂಗುತ್ತ ಕೂಗುತ್ತ ಒಬ್ಬ ಸಟ್ಟನೆ ನಿಂತು ಎದೆ ಮುಟ್ಟಿಕೊಂಡ.

“ಅಯ್ಯೋ, ನನ್ನ ದುಡ್ಡು ಹೋಯ್ತು ಅಂತ ಬಡ್ಕೊತಿದೀನಿ, ಒಳಗೆ ಇವನ್ದು ಈಗ್ಲೂ ಜೋಗುಳ ಹಾಡ್ತಿದೆಯಲ್ಲಪ್ಪಾ!”

“ಸುಳ್ಳು ಹೇಳಿದ್ನಾ ನಾನು?” ಎಂದ ಭುಜಂಗಣ್ಣ, ಸಿಪ್ಪೆ ಊದುತ್ತ. “ನಾನು ಆರಾಮಾಗಿದ್ದೆ. ಆರಾಮು ಅಂತ ತೋರಿಸ್ತು. ಫ್ಯಾಕ್ಟ್ರಿ ಹೇಗಿದೆ ಅಂತ ನನ್ನ ಯಾರು ಕೇಳಿದ್ರಿ?”

ಲಿಂಗಣ್ಣ ಕಟ್ಟೆಯ ಮೇಲೆ ನಿಂತು, ಕೇಳಿಸಿತೋ ಇಲ್ಲವೋ ಎಂಬಂತೆ, “ಮುಗೀತು” ಎಂದ. ಸಂತೆಯ ಉದ್ದಕ್ಕೂ ಕೈಗಳು ಎದೆಗೆ ಹೋದವು. ತೂಗುತ್ತಿದ್ದ ತಕ್ಕಡಿಗಳು ಹಾಗೇ ನಿಂತವು. ಪುಟ್ಟತಾಯಮ್ಮನವರು ನಿಡಿದಾಗಿ ಉಸಿರು ಬಿಟ್ಟು, “ಈಗ ನಂದೊಂದೇ” ಎಂದರು.

ಸ್ವಲ್ಪ ಹೊತ್ತಾದ ಮೇಲೆ ಕಟ್ಟೆಯ ಕಾವಲಿನವನು, “ಮುಂದಿನ್ದು ಯಾರದಪ್ಪಾ?” ಎಂದು ಕೂಗಿದ.

ನನ್ನದು. ಭುಜಂಗಣ್ಣ ಎದ್ದು ಕೈ ಒರೆಸಿಕೊಂಡು ಅಂಗಿಯ ತೋಳು ಮಡಿಸಿದ. “ಬನ್ನಿ ತಾಯಿ, ಬೇಗ ಮುಗಿಸ್ಬಿಡೋಣ, ಊಟದ ಹೊತ್ತಾಯ್ತು.”

ಓಡಿಹೋಗಬಹುದಿತ್ತು. ಇನ್ನೊಂದು ಗುರುವಾರ ಹತ್ತುತ್ತೇನೆ ಅನ್ನಬಹುದಿತ್ತು. ಆದರೆ ನಾನು ನನ್ನನ್ನು ಬಲ್ಲೆ, ಆ ಇನ್ನೊಂದು ಗುರುವಾರ ಬರುವುದೇ ಇಲ್ಲ. ಮೆಟ್ಟಿಲು ಹತ್ತಿದೆ. ಎದುರಿಗೆ ಅಷ್ಟೂ ಮುಖಗಳು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

“ನಾಡಿ ನಂದೇ,” ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಸಲ ಬೇಕಾದ್ದಕ್ಕಿಂತ ಜೋರಾಗಿ, ಕಿರುಚಿದ ಹಾಗೆ ಬಂತು. “ನಾಡಿ ನಂದೇ! ಬಾಡಿಗೆ ಬೇಡ!”

ಜನ ನಕ್ಕರು. ಭುಜಂಗಣ್ಣ ಮಾತ್ರ ನಗದೆ, ತೋಳು ಇಳಿಸಿಕೊಂಡು, “ಒಳ್ಳೇದಾಯ್ತು” ಎಂದು ಊಟಕ್ಕೆ ಹೊರಟ. ಅವನಿಗೆ ಅವಮಾನವೂ ಆಗಲಿಲ್ಲ.

ಹಾಲಿನ ಪಟ್ಟಿಯ ವಿಷಯ ಹೇಳಿದೆ. ಹೇಳಿದ್ದನ್ನೇ ಎರಡು ಸಲ ಹೇಳಿದೆ, ಮುಖ್ಯವಾದ್ದನ್ನು ಬಿಟ್ಟೆ. ಪುಟ್ಟತಾಯಮ್ಮನವರು ಕೆಳಗಿನಿಂದಲೇ, “ಬೇಸಿಗೇಲಿ ನನ್ನ ಟೀ ಕುಡಿದೋರ್ಗೆ ಯಾರಿಗಾದ್ರೂ ಹಾಲು ಒಡೆದಿತ್ತಾ? ಹೇಳ್ರಿ ಮತ್ತೆ!” ಎಂದು ಗದರಿ, ತಾವೇ ಮೊದಲು ಮೇಲೆ ಬಂದು ನನ್ನ ಮಣಿಕಟ್ಟು ಹಿಡಿದರು. ಮರುಗಳಿಗೆಯೇ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು.

“ಅಯ್ಯಯ್ಯೋ! ಇದೇನೇ ಇದು, ಒಳಗೆ ರೈಲು ಬಿಟ್ಟಿದೀಯಾ?”

ಮುಂದಕ್ಕೆ ಬಂದಿದ್ದ ನಾಲ್ಕೈದು ಜನ ಹಿಂದೆ ಸರಿದರು. ಮುನಿಸ್ವಾಮಣ್ಣ ಕೈ ಮುಗಿದ. “ನಾನು ಕತ್ತಿ ಹಿಡಿಯೋನು ತಾಯಿ. ನನ್ನ ಕೈ ನಡುಗಿದ್ರೆ ಗಿರಾಕಿ ಕಿವಿ ಹೋಗತ್ತೆ.”

“ಇವಳಿಗೆ ಹಲ್ಲಿ ಲೊಚಗುಟ್ಟಿದ್ರೂ ನಾವು ಎದ್ದು ಕೂರ್ಬೇಕು,” ಎಂದನೊಬ್ಬ.

“ಕೂರೋಣ ಬಿಡೋ,” ಎಂದರು ಪುಟ್ಟತಾಯಮ್ಮನವರು, ಉಸಿರು ಹಿಡಿಯುತ್ತ. “ಮಲ್ಗಿದ್ದು ಸಾಕಾಗಿಲ್ವಾ ನಿಂಗೆ? ಇವಳ ಯಂತ್ರ ಸೀಳಿಹೋಗೋಕೆ ಮುಂಚೇನೇ ನಂಗೆ ಗೊತ್ತಾಗತ್ತೆ.”

ತರಕಾರಿಯವಳೊಬ್ಬಳು ಬಂದಳು. ಆಮೇಲೆ ಸಿಹಿತಿಂಡಿ ಮಾಡುವ ಅಣ್ಣತಮ್ಮಂದಿರು. ಒಬ್ಬೊಬ್ಬರೇ ಹಿಡಿದು, ಬೆಚ್ಚಿ, ಬೆವರೊರೆಸಿಕೊಂಡು ಕೆಳಗಿಳಿದರು. ಪಾಲು ಕರಗಿದಂತೆ ಕಟ್ಟೆಯ ಕೆಳಗೆ ಎದೆ ಹಿಡಿದು ನಿಂತವರ ಗುಂಪು ಬೆಳೆಯಿತು. ಅವರನ್ನು ನೋಡಿ ನನಗೆ ಭಯವಾಯಿತು. ನನಗೆ ಭಯವಾದದ್ದೇ ಅವರೆಲ್ಲ ಒಟ್ಟಿಗೆ ನಡುಗಿದರು. ಅವರು ನಡುಗಿದ್ದು ಕಂಡು ನನಗೆ ಇನ್ನಷ್ಟಾಯಿತು.

“ಈಗ ಯಾಕೆ ತಾಯಿ?” ಎಂದು ಸಿಹಿತಿಂಡಿಯ ಅಣ್ಣ ಏದುಸಿರಿನಲ್ಲಿ ಕೇಳಿದ. “ಏನಾಯ್ತು ಅಂತ ಹೇಳಿ, ಸರಿ ಮಾಡೋಣ.”

“ನೀವೆಲ್ಲ ನೋಡ್ತಿದೀರಲ್ಲ,” ಎಂದೆ. “ಅದಕ್ಕೆ.”

“ಅಷ್ಟೇನಾ? ಏ, ಎಲ್ಲ ಆ ಕಡೆ ತಿರುಗ್ರೋ!”

ಪಾಲುದಾರರೆಲ್ಲ ನನಗೆ ಬೆನ್ನು ಹಾಕಿ ನಿಂತರು. ನಿಜವಾಗಿಯೂ ಸ್ವಲ್ಪ ಕಡಿಮೆಯಾಯಿತು. ಆ ಬೆನ್ನುಗಳ ಮೇಲೆ ಹತೋಟಿಗೆ ಬಂದ ಉಸಿರು ಏರಿಳಿಯುವುದು ಕಾಣುತ್ತಿತ್ತು.

ಆದರೆ ಬಿಸಿಲು ವಾಲಿತು. ಬರುವವರು ನಿಂತರು. ಪಾತ್ರೆಯವರು ಗೋಣಿ ಕಟ್ಟತೊಡಗಿದರು, ಬಟ್ಟೆಯವರು ತಾಡಪಾಲು ಬಿಚ್ಚಿದರು. ಇನ್ನೂ ಒಂದು ಹಿಡಿ ಪಾಲು ಉಳಿದಿತ್ತು. ಕಾವಲಿನವನು ಗಂಟೆಯ ಹಗ್ಗದ ಹತ್ತಿರ ಹೋಗಿ ನಿಂತ. ಎಲ್ಲ ಹಿಂದಿರುಗಿಸಬೇಕಾಗುತ್ತದೆ ಎಂದು ನನಗೆ ಅನ್ನಿಸಿದ ಗಳಿಗೆಯಲ್ಲಿ ಬೆನ್ನುಗಳೆಲ್ಲ ಒಮ್ಮೆಲೇ ಬಾಗಿದವು.

ಬಳೆಯಂಗಡಿಯ ಮರೆಯಿಂದ ಅಮ್ಮ ಬಂದಳು. ಬೆಳಗಿನಿಂದ ಅಲ್ಲೇ ಇದ್ದಳೋ ಏನೋ. ಮನೆಯವರು ಪಾಲು ಹಿಡಿಯುವುದು ನಮ್ಮಲ್ಲಿ ರೂಢಿಯಲ್ಲ. ಒಂದೇ ಸೂರಿನಡಿ ಒಂದೇ ಗಾಬರಿ ಎರಡೆರಡು ಸಲ ಬಡಿದರೆ ಅಡಿಗೆ ಯಾರು ಮಾಡುವುದು ಅನ್ನುತ್ತಾರೆ. ಅಮ್ಮ ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ, ಸೆರಗಿನ ಗಂಟು ಬಿಚ್ಚಿ, ಹೊಲಿಗೆಯಿಂದ ಕೂಡಿಸಿದ್ದನ್ನು ಕಲ್ಲಿನ ಮೇಲಿಟ್ಟಳು. “ಉಳಿದಿರೋದೆಲ್ಲ ನಂಗೆ,” ಎಂದು ಕಾವಲಿನವನಿಗೆ ಹೇಳಿ, ನನ್ನ ಮಣಿಕಟ್ಟು ಹಿಡಿದಳು. ಸೂಜಿ ಚುಚ್ಚಿ ಒರಟಾದ ಬೆರಳು.

ಅಷ್ಟೂ ಪಾಲು ಒಟ್ಟಿಗೆ, ಜೋರಾಗಿಯೇ ಬಡಿದಿರಬೇಕು. ಬೈಯುತ್ತಾಳೆಂದು ಕಾದೆ. ಅಮ್ಮ ನನಗೊಬ್ಬಳಿಗೇ ಕೇಳಿಸುವ ಹಾಗೆ, “ಇದು ಈಗ ಶುರುವಾಗಿದ್ದಾ?” ಎಂದಳು.

“ಇಲ್ಲಮ್ಮ. ಯಾವಾಗ್ಲೂ ಹೀಗೇ.”

“ಯಾವಾಗ್ಲೂ ಅಂದ್ರೆ?”

“ಸ್ಕೂಲಿಗೆ ಹೋಗ್ತಿದ್ದಾಗಿಂದ.”

“ಇದನ್ನ ಇಟ್ಕೊಂಡು ದಿನಾ ನನ್ನೆದುರಿಗೆ ಕೂತು ಊಟ ಮಾಡ್ತಿದ್ಯಲ್ಲೇ,” ಎಂದಳು. ಪಾಲು ಆಗಿತ್ತು, ಕೈ ಬಿಡಬಹುದಿತ್ತು. ಬಿಡಲಿಲ್ಲ.

ಸಂತೆ ಎತ್ತುವ ಗಂಟೆ ಹೊಡೆಯಿತು. ನಾನು ಬೆಚ್ಚಿದೆ. ಕಟ್ಟೆಯ ಕೆಳಗೆ ಬೆನ್ನು ತಿರುಗಿಸಿ ನಿಂತವರೆಲ್ಲ ಬೆಚ್ಚಿದರು. ಅಮ್ಮನೂ ಬೆಚ್ಚಿದಳು.